ಸಮುದ್ರವಿಲ್ಲದ ಊರಿನಲ್ಲಿ ಹಡಗಿನ ನಿಧಿಬೇಟೆ

ಶ್ರೀರಂಗಪಟ್ಟಣದಲ್ಲಿ ನಿಧಿಬೇಟೆ ಮಾಡುತ್ತೇವೆ ಎಂದರೆ ಜನ ಮೊದಲು ನಿಮ್ಮ ಕೈಯಲ್ಲಿ ಹಾರೆ ಇದೆಯಾ ಅಂತ ನೋಡುತ್ತಾರೆ. ಅವರ ತಪ್ಪೇನಿಲ್ಲ. ಹಾಳು ಗುಡಿ, ಕೋಟೆಗೋಡೆ ಅಗೆಯುವ ನಿಧಿಗಳ್ಳರ ಕಾಟವನ್ನು ಈ ಸೀಮೆ ಬೇಕಾದಷ್ಟು ಕಂಡಿದೆ. ಹಾಗಾಗಿ ಮೊದಲ ನಿಯಮ: ನೆಲ ಮುಟ್ಟಬಾರದು, ಕಲ್ಲು ಕದಲಿಸಬಾರದು, ಗೋಡೆಯ ಸಂದಿಗೆ ಚೀಟಿ ತುರುಕಬಾರದು. ಸುಳಿವಿನ ಲಕೋಟೆಗಳೆಲ್ಲ ಆಯಾ ತಾಣದಲ್ಲಿ ನಿಂತ ಮೇಷ್ಟ್ರ ಕೈಯಲ್ಲೇ ಇರಬೇಕು. ಸಂರಕ್ಷಿತ ಸ್ಮಾರಕದ ಆವರಣಕ್ಕೆ ನಲವತ್ತು ಮಕ್ಕಳನ್ನು ಕರೆದೊಯ್ಯುವ ಮುನ್ನ ಪುರಾತತ್ವ ಇಲಾಖೆಗೂ ಸ್ಥಳೀಯ ಪೊಲೀಸ್ ಠಾಣೆಗೂ ಒಂದೊಂದು ಪತ್ರ ಕೊಡಿ. ಪತ್ರದಲ್ಲಿ ‘ನಿಧಿಬೇಟೆ’ ಅಂತ ಬರೆಯಬೇಡಿ, ‘ಇತಿಹಾಸ ನಡಿಗೆ’ ಅಂತ ಬರೆಯಿರಿ. ಮಕ್ಕಳ ಹತ್ತಿರ ಏನಾದರೂ ಕರೆದುಕೊಳ್ಳಿ.

ಇನ್ನು ವಿಷಯ. ಹಡಗು ಕಟ್ಟಿದ ಚರಿತ್ರೆಯನ್ನು ಮಂಡ್ಯ ಜಿಲ್ಲೆಯಲ್ಲಿ ಹುಡುಕುವುದು ಏಕೆ? ಸಮುದ್ರ ಇರುವುದು ಘಟ್ಟದ ಆಚೆ. ಶ್ರೀರಂಗಪಟ್ಟಣ ಸಮುದ್ರ ಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ. ಟಿಪ್ಪು ಇಲ್ಲೇ ಕಾವೇರಿಯಲ್ಲಿ ಹಡಗು ಕಟ್ಟಿಸಿ ಸಮುದ್ರಕ್ಕೆ ಬಿಡುತ್ತಿದ್ದ ಎನ್ನುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಒಂದು ನಿಮಿಷ ಯೋಚಿಸಿ. ಕಾವೇರಿ ಹರಿಯುವುದು ಪೂರ್ವಕ್ಕೆ, ಮೈಸೂರಿನವರ ರೇವುಗಳಿದ್ದದ್ದು ಪಶ್ಚಿಮದಲ್ಲಿ. ನಡುವೆ ಶಿವನಸಮುದ್ರದಲ್ಲಿ ನದಿ ತೊಂಬತ್ತು ಮೀಟರಿಗೂ ಹೆಚ್ಚು ಆಳಕ್ಕೆ ಧುಮುಕುತ್ತದೆ. ಹಡಗಿರಲಿ, ತೆಪ್ಪವನ್ನೂ ಅಲ್ಲಿ ತಲೆಯ ಮೇಲೆ ಹೊತ್ತು ಇಳಿಸಬೇಕು. ಈ ಪ್ರಶ್ನೆಯನ್ನು ಬೇಟೆಯ ಮೊದಲ ಲಕೋಟೆಯಲ್ಲೇ ಇಡಿ. ಜೊತೆಗೊಂದು ನಕ್ಷೆ ಕೊಡಿ. ‘ಇಲ್ಲಿ ಕಟ್ಟಿದ ಹಡಗು ಮಂಗಳೂರು ಸೇರುವ ದಾರಿ ತೋರಿಸಿ’ ಎಂದು ಕೇಳಿ. ಹತ್ತು ನಿಮಿಷ ಬೆರಳಾಡಿಸಿ ‘ದಾರಿಯೇ ಇಲ್ಲ’ ಎಂದು ಬರೆದ ತಂಡಕ್ಕೆ ಪೂರ್ತಿ ಅಂಕ.

ಇಲ್ಲಿ ಕಟ್ಟಿದ್ದು ನದಿಯ ದೋಣಿ, ಬುಟ್ಟಿಯಂಥ ದುಂಡು ತೆಪ್ಪ. ಇಲ್ಲಿಂದ ಹುಕುಂ ಹೋಗಿ ಕಟ್ಟಲು ಹೊರಟದ್ದು ಸಮುದ್ರದ ಹಡಗು. ಒಂದಕ್ಕೆ ಬಿದಿರು, ಇನ್ನೊಂದಕ್ಕೆ ತೇಗ. ಒಂದನ್ನು ಕಟ್ಟಿದವರು ಮೇದರು, ನಡೆಸಿದವರು ಬೆಸ್ತರು. ಇನ್ನೊಂದಕ್ಕೆ ಬೇಕಾದದ್ದು ದರ್ಬಾರು, ಖಜಾನೆ, ಕಾಡು. ಬೇಟೆಯನ್ನೂ ಹಾಗೇ ಎರಡಾಗಿ ಸೀಳಿ: ಕೋಟೆಯ ಕಡೆ ನಾಲ್ಕು ತಾಣ, ನದಿಯ ಕಡೆ ನಾಲ್ಕು ತಾಣ.

ಲೆಕ್ಕ ಹೀಗೆ. ನಲವತ್ತು ಮಕ್ಕಳು, ಐದೈದು ಜನರ ಎಂಟು ತಂಡ. ಆರನೆಯವನನ್ನು ಸೇರಿಸಬೇಡಿ, ಅವನು ಸುಮ್ಮನೆ ನಿಂತಿರುತ್ತಾನೆ. ನಾಲ್ಕು ತಂಡ ಕೋಟೆಯ ಕಡೆ, ನಾಲ್ಕು ತಂಡ ಹೊಳೆಯ ಕಡೆ. ನಡಿಗೆಯೂ ಸೇರಿ ತಾಣಕ್ಕೆ 25 ನಿಮಿಷ ಕೊಡಿ. ಅಲ್ಲಿಗೆ ಒಂದು ಕಡೆ ಮುಗಿಯಲು 100 ನಿಮಿಷ. ಆಮೇಲೆ ವಾಹನದಲ್ಲಿ ಅದಲು ಬದಲು, ಅದಕ್ಕೆ 20 ನಿಮಿಷ. ಬೆಳಿಗ್ಗೆ ಏಳೂವರೆಗೆ ಶುರು ಮಾಡಿದರೆ ಹನ್ನೊಂದೂ ಕಾಲರೊಳಗೆ ಮುಗಿಯುತ್ತದೆ. ಪ್ರತಿ ತಂಡವೂ ಬೇರೆ ತಾಣದಿಂದ ಹೊರಟು ಸುತ್ತು ಬರಬೇಕು. ಎಲ್ಲರನ್ನೂ ಒಂದೇ ಕಡೆಯಿಂದ ಬಿಟ್ಟರೆ ಜೋರಿರುವ ತಂಡ ಮುಂದೆ ಓಡುತ್ತದೆ, ಉಳಿದವು ಅದರ ಬೆನ್ನು ಹಿಡಿಯುತ್ತವೆ. ಸುಳಿವು ಬಿಡಿಸುವ ಕೆಲಸ ಒಬ್ಬರದ್ದು, ಓಡುವ ಕೆಲಸ ಎಲ್ಲರದ್ದು ಎಂದಾಗುತ್ತದೆ. ಮೊದಲು ಬಂದವರಿಗೆ ಬಹುಮಾನ ಎನ್ನುವುದನ್ನಂತೂ ಬಿಟ್ಟೇ ಬಿಡಿ. ಉತ್ತರದ ಹಾಳೆಗೆ ಬಹುಮಾನ.

ಈಗ ಸುಳಿವಿನ ಮಾತು. ಸುಳಿವು ಕೆಡುವುದು ಎರಡು ರೀತಿಯಲ್ಲಿ. ಒಂದು, ಉತ್ತರ ಫೋನಿನಲ್ಲೇ ಸಿಗುವುದು. ‘ವೆಲ್ಲೆಸ್ಲಿ ಸೇತುವೆ ಕಟ್ಟಿದ್ದು ಯಾವಾಗ?’ ಎಂದು ಕೇಳಿದರೆ ಮಗು ಸೇತುವೆಯ ಕಡೆ ಬೆನ್ನು ಹಾಕಿ ನಿಂತೇ 1804 ಎಂದು ಬರೆಯುತ್ತದೆ. ಇನ್ನೊಂದು, ಸುಳಿವು ಬರೆದವರಿಗೆ ಮಾತ್ರ ಅರ್ಥವಾಗುವಷ್ಟು ಜಾಣತನ. ಒಳ್ಳೆಯ ಸುಳಿವಿಗೆ ನಮ್ಮ ಪರೀಕ್ಷೆ ಇದು: ಒಗಟು ಜಾಗಕ್ಕೆ ಕರೆದೊಯ್ಯಬೇಕು, ಜಾಗದಲ್ಲಿ ಅಳೆಯುವುದೋ ತೂಗುವುದೋ ಬರೆದುಕೊಳ್ಳುವುದೋ ಒಂದು ಕೆಲಸ ಇರಬೇಕು, ಆ ಕೆಲಸದ ಫಲ ಮುಂದಿನ ತಾಣದಲ್ಲಿ ಬಳಕೆಗೆ ಬರಬೇಕು. ಈಚೆಗೆ ಎಲ್ಲ ಕಡೆ ಕ್ಯೂಆರ್ ಕೋಡ್ ಅಂಟಿಸುತ್ತಾರೆ. ನಮಗದು ಒಗ್ಗದು. ಮಗು ಕೋಟೆಯನ್ನು ಬಿಟ್ಟು ಪರದೆಯನ್ನೇ ನೋಡುತ್ತದೆ.

ಒಗಟಿಗೆ ಒಂದು ಮಾದರಿ ಹೇಳುತ್ತೇವೆ. ‘ಕಮಾನಿಲ್ಲ, ಕಂಬವುಂಟು, ಹೆಸರು ಗವರ್ನರ್ ಜನರಲ್ಲನದು, ಕೆಲಸ ದಿವಾನರದು, ಹೊಳೆ ತುಂಬಿದರೂ ಕಾಲು ನೆನೆಯದು.’ ಇದೇ ವೆಲ್ಲೆಸ್ಲಿ ಸೇತುವೆ, ಪೂರ್ಣಯ್ಯನವರ ಕಾಲದ್ದು. ಅಲ್ಲಿ ಕೆಲಸ ಏನು? ಎರಡು ಕಂಬಗಳ ನಡುವಿನ ಅಂತರವನ್ನು ಕಣ್ಣಂದಾಜಿನಲ್ಲಿ ಬರೆಯಿರಿ. ಕಂಬಗಳು ಇಷ್ಟು ಹತ್ತಿರ ಏಕೆ ಹೇಳಿ. ಸೇತುವೆ ಪೂರ್ತಿ ಕಲ್ಲು. ನೆಟ್ಟ ಕಂಬ, ಅದರ ತಲೆಯ ಮೇಲೆ ಚಾಚುಗಲ್ಲು, ಮೇಲೆ ಅಡ್ಡ ತೊಲೆ. ಕಲ್ಲು ಮೇಲಿನಿಂದ ಬೀಳುವ ಭಾರವನ್ನು ಎಷ್ಟಾದರೂ ತಡೆಯುತ್ತದೆ, ಆದರೆ ಬಗ್ಗಿಸಿದರೆ ಅಡಿಭಾಗದಲ್ಲಿ ಬಿರುಕು ಬಿಟ್ಟು ಮುರಿಯುತ್ತದೆ. ತೊಲೆ ಉದ್ದವಾದಷ್ಟೂ ಅಪಾಯ ಹೆಚ್ಚು. ಹಾಗಾಗಿ ಕಂಬ ಒತ್ತೊತ್ತು. ಇದನ್ನು ಹಾಳೆಯಲ್ಲಿ ಬರೆದುಕೊಂಡ ಮಗು ನದಿಯ ಕಡೆ ಹೋಗಿ ಬಿದಿರು ಬಗ್ಗಿಸುವಾಗ ಎರಡನ್ನೂ ಹೋಲಿಸಬಲ್ಲದು.

ವಾಟರ್ ಗೇಟ್ ಬಳಿಯ ತಾಣಕ್ಕೆ ಒಂದೇ ಪ್ರಶ್ನೆ ಸಾಕು. 1799ರ ಮೇ 4ರಂದು ಇಂಗ್ಲಿಷರು ಹೊಳೆ ದಾಟಿ ಕೋಟೆಗೆ ನುಗ್ಗಿದರು. ಮೇ ತಿಂಗಳೇ ಏಕೆ? ಅದಕ್ಕೂ ಮುಂಚೆ 1791ರ ಮೇನಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ದಂಡು ಕಟ್ಟಿಕೊಂಡು ಪಟ್ಟಣದ ಹತ್ತಿರದ ಅರಕೆರೆಯವರೆಗೆ ಬಂದು ಗೆದ್ದರೂ ಪಟ್ಟಣ ಹಿಡಿಯಲಾಗದೆ ಹಿಂದೆ ಸರಿದ. ಮಳೆ ಮುಂಚೆಯೇ ಹಿಡಿದಿತ್ತು, ಎತ್ತುಗಳು ಸಾಯುತ್ತಿದ್ದವು, ದವಸ ಇರಲಿಲ್ಲ. ಮುತ್ತಿಗೆಯ ಭಾರಿ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾನೇ ಕೆಡಿಸಿ ಬಿಟ್ಟುಹೋದ. ಎಂಟು ವರ್ಷದ ಮೇಲೆ ಬಂದವರು ಹೊಳೆಯಲ್ಲಿ ನೀರು ಇಳಿದಿರುವಾಗಲೇ ಕೆಲಸ ಮುಗಿಸಿದರು. ಕೋಟೆಗೆ ಹೊಳೆಯೇ ಒಂದು ಗೋಡೆ, ಆ ಗೋಡೆ ವರ್ಷದಲ್ಲಿ ಕೆಲವು ತಿಂಗಳು ತಾನೇ ಕುಸಿಯುತ್ತದೆ. ಇಲ್ಲಿ ಮಕ್ಕಳಿಗೆ ಒಂದು ಅಂಕಿ ಬರೆಸಿ: 24 ಪೌಂಡಿನ ಗುಂಡು ಹಾರಿಸುವ ಕಬ್ಬಿಣದ ಮುತ್ತಿಗೆ ಫಿರಂಗಿಯ ತೂಕ ಸುಮಾರು 2500 ಕೆಜಿ. ಈ ಅಂಕಿ ನದಿಯ ಕಡೆ ಬೇಕಾಗುತ್ತದೆ.

ಮೂರನೆಯದು ದರಿಯಾ ದೌಲತ್. ಇದು ಕೋಟೆಯಿಂದ ಹೊರಗೆ, ಪೂರ್ವಕ್ಕಿದೆ. ಹಾಗಾಗಿ ಎರಡೂ ಗುಂಪಿಗೆ ಅದಲು ಬದಲಿನ ಹೊತ್ತಿಗೆ ದಾರಿಯಲ್ಲಿ ಇಟ್ಟುಕೊಂಡರೂ ನಡೆಯುತ್ತದೆ. 1784ರ ಈ ಅರಮನೆಯನ್ನು ಎಲ್ಲರೂ ನೋಡುವುದು ಗೋಡೆಯ ಚಿತ್ರಕ್ಕಾಗಿ. ನಮ್ಮ ಮಕ್ಕಳು ಮರ ನೋಡಲಿ. ಕಂಬ, ತೊಲೆ, ಬೋದಿಗೆ ಎಲ್ಲ ತೇಗ. ಮುಟ್ಟಬಾರದು, ದೂರದಿಂದ ನೋಡಿ ಮರಕ್ಕೆ ಮರ ಕೂಡುವ ಒಂದು ಜೋಡಣೆಯ ಚಿತ್ರ ಬರೆಯಬೇಕು. ಇನ್ನೂರು ವರ್ಷ ದಾಟಿದ ತೇಗ ಹೇಗಿರುತ್ತದೆ ಎಂದು ಕಣ್ಣಲ್ಲೇ ಕಾಣುವ ಜಾಗ ಇದು. ಹಡಗಿನವರು ತೇಗದ ಹಿಂದೆ ಏಕೆ ಬಿದ್ದಿದ್ದರು ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ನಾಲ್ಕನೆಯದು ಕಾಗದದ ತಾಣ, ಒಂದು ಮರದ ನೆರಳು ಸಾಕು. ಐದು ಚೀಟಿ ಕಲಸಿ ಕೊಡಿ. 1763: ಹೈದರ್ ಬಿದನೂರು ಗೆದ್ದ, ಅದರೊಂದಿಗೆ ಕರಾವಳಿಯ ರೇವುಗಳು ಕೈಗೆ ಬಂದವು. 1780ರ ಡಿಸೆಂಬರ್: ಇಂಗ್ಲಿಷರ ಅಡ್ಮಿರಲ್ ಹ್ಯೂಸ್ ಮಂಗಳೂರಿನಲ್ಲಿ ಹೈದರನ ಹಡಗುಗಳನ್ನು ನಾಶ ಮಾಡಿದ. 1792: ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರೂ ಕೊಡಗೂ ಕೈಬಿಟ್ಟವು. 1796: ಟಿಪ್ಪು ನೌಕಾಪಡೆಗೆ ಹೊಸ ನಿಯಮಾವಳಿ ಹೊರಡಿಸಿದ, 20 ದೊಡ್ಡ ಯುದ್ಧನೌಕೆ, ಅದಕ್ಕಿಂತ ಚಿಕ್ಕ ಯುದ್ಧನೌಕೆಗಳಾದ ಫ್ರಿಗೇಟು 20, ಒಟ್ಟು 40, ಕಟ್ಟುವುದು ಮಂಗಳೂರೂ ಸೇರಿ ಕರಾವಳಿಯ ಮೂರು ಕಡೆ. 1799: ಪಟ್ಟಣ ಬಿತ್ತು. ಚೀಟಿಗಳನ್ನು ವರ್ಷದ ಸಾಲಿನಲ್ಲಿ ಇಡುವುದು ಸುಲಭ. ನಿಜವಾದ ಪ್ರಶ್ನೆ ಆಮೇಲಿನದು: 1792 ಆಗದೇ ಇದ್ದಿದ್ದರೆ 1796ರ ಹುಕುಂ ಸುಲಭವಾಗುತ್ತಿತ್ತೆ? ಆಗುತ್ತಿತ್ತು. ಏಕೆಂದರೆ ಮಲಬಾರು ಹೋದಾಗ ತೇಗದ ಕಾಡು, ರೇವು, ಹಡಗು ಕಟ್ಟಿ ಪಳಗಿದ ಬಡಗಿಗಳು ಮೂರೂ ಒಟ್ಟಿಗೆ ಹೋದವು. ಮೂರೇ ವರ್ಷದಲ್ಲಿ 40 ಹಡಗು ನೀರಿಗಿಳಿಯುವುದು ಆಗದ ಮಾತು, ಆಗಲೂ ಇಲ್ಲ. ಇಲ್ಲಿ ಟಿಪ್ಪುವನ್ನು ಹೊಗಳುವ ಅಥವಾ ತೆಗಳುವ ಚರ್ಚೆ ಶುರುವಾದರೆ, ಆಗಿಯೇ ಆಗುತ್ತದೆ, ಮೇಷ್ಟ್ರು ನಗುತ್ತಾ ಮಕ್ಕಳನ್ನು ಮತ್ತೆ ಮರದ ಲೆಕ್ಕಕ್ಕೆ ಎಳೆಯಬೇಕು.

ಹಾಳೆಯಲ್ಲಿ ಪ್ರತಿ ಉತ್ತರದ ಪಕ್ಕ ಒಂದು ಗುರುತು ಹಾಕಿಸಿ: ಕಣ್ಣಾರೆ ಕಂಡದ್ದು, ಕಾಗದದಲ್ಲಿ ಇದ್ದದ್ದು, ಯಾರೋ ಹೇಳಿದ್ದು. ಗೈಡು ಹೇಳಿದ ಸುರಂಗದ ಕಥೆಯನ್ನೂ ಬರೆದುಕೊಳ್ಳಲಿ, ಬೇಡ ಅನ್ನಬೇಡಿ, ಆದರೆ ಮೂರನೆಯ ಗುರುತಿನ ಕೆಳಗೆ.

ಈಗ ಹೊಳೆಯ ಕಡೆಗೆ. ನಿಜ ಹೇಳಬೇಕೆಂದರೆ ಬೇಟೆಯ ಜೀವ ಇರುವುದು ಇಲ್ಲೇ. ಒಗಟು: ‘ತಲೆಯಿಲ್ಲ, ಬಾಲವಿಲ್ಲ, ಹೋಗುವ ದಾರಿಗೆ ಮುಖವಿಲ್ಲ, ಹೊತ್ತು ತಂದವನನ್ನೇ ಹೊತ್ತು ದಾಟಿಸಿತು.’ ತೆಪ್ಪ ಎಂದು ಯಾರಾದರೂ ಹೇಳುತ್ತಾರೆ. ಅದು ಎಷ್ಟು ಹಳೆಯದು ಎನ್ನುವುದಕ್ಕೆ ನಮಗೆ ಸಿಗುವ ಒಳ್ಳೆಯ ಸಾಕ್ಷಿ ತುಂಗಭದ್ರೆಯ ದಂಡೆಯಿಂದ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ, ಹದಿನೈದು ಇಪ್ಪತ್ತು ಜನರನ್ನು ಹೊರುವ, ಸದಾ ಸುತ್ತುತ್ತಲೇ ಹೋಗುವ ದೋಣಿಗಳ ಬಗ್ಗೆ ಬರೆದಿದ್ದಾನೆ. ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ ಬಂದಿದೆ, ಸುತ್ತುವುದು ಹಾಗೇ ಇದೆ.

ಬಿದಿರಿನ ತಾಣಕ್ಕೆ ಬುಟ್ಟಿ ಹೆಣೆಯುವವರನ್ನೇ ಕರೆಸಿ. ಮೈಸೂರಿನ ಬಂಬೂ ಬಜಾರಿನಲ್ಲಿ ವಿಚಾರಿಸಿದರೆ ಸಿಗುತ್ತಾರೆ. ಅವರ ದಿನದ ಕೂಲಿ ಎಷ್ಟೋ ಅಷ್ಟನ್ನು ಮುಂಚಿತವಾಗಿ ಮಾತಾಡಿ ಕೊಡಿ. ಶಾಲು ಹೊದಿಸಿ ಕಳಿಸುವುದಲ್ಲ. ಮಕ್ಕಳಿಗೆ ಅವರಿಂದ ತಿಳಿಯಬೇಕಾದ್ದು ತೆಪ್ಪ ಕಟ್ಟುವ ಕ್ರಮ. ಬಲಿತ ಬಿದಿರು ಬೇಕು, ಎಳೆಯದಾದರೆ ಒಣಗಿದಾಗ ಸುಕ್ಕುಗಟ್ಟುತ್ತದೆ. ಕಡಿದ ಬಿದಿರಿನಲ್ಲಿ ಹಿಟ್ಟಿನಂಶ ಉಳಿದರೆ ಕುಟ್ಟೆ ಹಿಡಿದು ಪುಡಿಯಾಗುತ್ತದೆ, ಅದಕ್ಕೇ ನೀರಲ್ಲಿ ನೆನೆಹಾಕುವುದು. ಉದ್ದಕ್ಕೆ ಸೀಳಿ ದಬ್ಬೆ ಮಾಡಿ, ಒಳಗಿನ ಮೆತ್ತನೆ ಭಾಗ ಕೆತ್ತಿ, ಹೊರ ಸಿಪ್ಪೆಯ ಕಡೆ ಉಳಿಸಿಕೊಳ್ಳಬೇಕು. ಗಟ್ಟಿತನ ಎಲ್ಲ ಸಿಪ್ಪೆಯಲ್ಲಿ. ಸಮತಟ್ಟು ನೆಲದ ಮೇಲೆ ದಬ್ಬೆಗಳನ್ನು ಅಡ್ಡ ಉದ್ದ ಹಾಸಿ ತಳ ಹೆಣೆಯುತ್ತಾರೆ. ನಡುವೆ ಕಲ್ಲು ಹೇರಿ ತಳ ಮೇಲೇಳದಂತೆ ಮಾಡಿ, ತುದಿಗಳನ್ನು ಸುತ್ತಲೂ ಎತ್ತಿ ಬಗ್ಗಿಸಿ ಪಕ್ಕ ಹೆಣೆಯುತ್ತಾರೆ. ಅಂಚಿಗೆ ದಬ್ಬೆಗಳ ದಪ್ಪ ಕಟ್ಟನ್ನು ಬಳೆಯಂತೆ ಸುತ್ತಿ ಬಿಗಿಯುತ್ತಾರೆ. ಈ ಅಂಚು ಸಡಿಲವಾದರೆ ತೆಪ್ಪದ ಆಕಾರವೇ ನಿಲ್ಲದು, ಭಾರ ಬಿದ್ದಾಗ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ.

ಆಮೇಲೆ ಬೋರಲು ಹಾಕಿ ಹೊದಿಕೆ. ಹಿಂದೆ ಚರ್ಮ, ಪ್ರತಿ ಸಲ ಬಳಸಿದ ಮೇಲೆ ಒಣಗಿಸಿ ಎಣ್ಣೆ ಸವರದಿದ್ದರೆ ಕೊಳೆಯುತ್ತಿತ್ತು. ಈಗ ಗೊಬ್ಬರದ ಚೀಲ ಬಿಚ್ಚಿ ಹೊಲಿದದ್ದೋ ಟಾರ್ಪಾಲೋ, ಮೇಲೆ ಡಾಂಬರು. ಕೆಡುವುದು ಇಲ್ಲೇ. ಡಾಂಬರು ಮಿತಿ ಮೀರಿ ಕಾದಿದ್ದರೆ ಪ್ಲಾಸ್ಟಿಕ್ ಕರಗಿ ತೂತಾಗುತ್ತದೆ, ಆರಿದ್ದರೆ ಹಿಡಿಯದೆ ಹಪ್ಪಳದ ಹಾಗೆ ಏಳುತ್ತದೆ. ಬಿದಿರಿನ ಗಿಣ್ಣು ಸರಿಯಾಗಿ ಕೆತ್ತದಿದ್ದರೆ ಒಳಗಿನಿಂದ ಚುಚ್ಚಿ ಹರಿಯುತ್ತದೆ. ಬಂಡೆಯ ಮೇಲೆ ಎಳೆದರೆ ತಳ ಸವೆಯುತ್ತದೆ. ಅದಕ್ಕೇ ಅಂಬಿಗರು ತೆಪ್ಪವನ್ನು ಎಳೆಯುವುದಿಲ್ಲ, ಹೊರುತ್ತಾರೆ. ಸುತ್ತಲೂ ಹುಡುಕಿದರೆ ಡಾಂಬರು ತೇಪೆ ಹಾಕಿದ ತೆಪ್ಪ ಸಿಕ್ಕೇ ಸಿಗುತ್ತದೆ. ತೇಪೆ ಎಲ್ಲಿದೆ, ಅಲ್ಲೇ ಏಕೆ ಹರಿದಿದೆ ಎಂದು ಊಹಿಸಿ ಬರೆಯುವುದು ಮಕ್ಕಳ ಕೆಲಸ.

ಅಳತೆಯ ತಾಣ. ದಡದ ಮೇಲೆ ಬೋರಲು ಮಲಗಿಸಿದ ತೆಪ್ಪದ ತಳದ ಅಗಲವನ್ನು ಟೇಪಿನಲ್ಲಿ ಅಳೆಯಬೇಕು. 1.8 ಮೀಟರ್ ಬಂತು ಎಂದಿಟ್ಟುಕೊಳ್ಳಿ. ತ್ರಿಜ್ಯ 0.9, ವಿಸ್ತೀರ್ಣ ಸುಮಾರು 2.54 ಚದರ ಮೀಟರ್. ಅಂದರೆ ತೆಪ್ಪ ಒಂದು ಸೆಂಟಿಮೀಟರ್ ಮುಳುಗಿದರೆ ಸುಮಾರು 25 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ ಕೆಜಿ ಭಾರ ಹೊರುತ್ತದೆ. 60 ಕೆಜಿಯ ಇಬ್ಬರು ಹತ್ತಿದರೆ 5 ಸೆಂಟಿಮೀಟರ್ ಇಳಿಯಬೇಕು. ಅಂಬಿಗ ಮತ್ತು ಅವರ ಜೊತೆಗಾರ ಹತ್ತಲಿ, ಒದ್ದೆ ಗೆರೆಯನ್ನು ಕೋಲಿನಲ್ಲಿ ಅಳೆದು ನೋಡಿ. ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಇಳಿದಿರುತ್ತದೆ, ಏಕೆಂದರೆ ಪಕ್ಕ ಹೊರಕ್ಕೆ ಬಾಗಿದ್ದು ಮೇಲೆ ಹೋದಂತೆ ಅಗಲ ಹೆಚ್ಚು. ತೆಪ್ಪದ ಸ್ವಂತ ತೂಕಕ್ಕೆ ಇಳಿದದ್ದನ್ನು ಮೊದಲೇ ಅಳೆದು ಕಳೆಯುವುದನ್ನು ಮರೆಯಬೇಡಿ.

ಈಗ ಹಾಳೆಯಲ್ಲಿರುವ ಫಿರಂಗಿ ಬರಲಿ. 2500 ಕೆಜಿಯನ್ನು 25ರಿಂದ ಭಾಗಿಸಿದರೆ 100 ಸೆಂಟಿಮೀಟರ್. ತೆಪ್ಪದ ಆಳ 60 ಇದ್ದರೆ ಫಿರಂಗಿ ನೇರ ಹೊಳೆಯ ತಳಕ್ಕೆ. ನಾಲ್ಕು ತೆಪ್ಪ ಜೋಡಿಸಿದರೆ ತಲೆಗೆ 625 ಕೆಜಿ, 25 ಸೆಂಟಿಮೀಟರ್, ಲೆಕ್ಕದಲ್ಲಿ ತೇಲುತ್ತದೆ. ಆದರೆ ಮೇಲೆ ಮರದ ತೊಲೆ ಹಾಕಿ ಭಾರವನ್ನು ಹಂಚದಿದ್ದರೆ ಚಕ್ರ ಬಿದಿರಿನ ತಳವನ್ನೇ ಸೀಳಿಕೊಂಡು ಇಳಿಯುತ್ತದೆ. ಮಳೆ ಹಿಡಿದ ಮೇಲೆ ಕಾರ್ನ್‌ವಾಲಿಸನ ಕಷ್ಟ ಏನಿತ್ತು ಎನ್ನುವುದು ಆಗ ಮಕ್ಕಳಿಗೆ ಪಾಠದ ಸಾಲಾಗಿ ಅಲ್ಲ, ಅಂಕಿಯಾಗಿ ಸಿಗುತ್ತದೆ.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: ಎಂಟು ಜನ ಕೂತರೂ 19 ಸೆಂಟಿಮೀಟರ್ ಮಾತ್ರ ಮುಳುಗುವ ತೆಪ್ಪ ಮಗುಚುವುದೇಕೆ? ಭಾರದಿಂದಲ್ಲ, ಸೆಲ್ಫಿಗೆಂದು ಎಲ್ಲರೂ ಒಂದೇ ಅಂಚಿಗೆ ಸರಿಯುವುದರಿಂದ.

ಇಲ್ಲೇ ಒಂದು ಪಕ್ಕದ ಮಾತು. ಚಾಮುಂಡಿಬೆಟ್ಟದ ದೇವಿಕೆರೆಯಲ್ಲಿ, ನಂಜನಗೂಡಿನ ಕಪಿಲೆಯಲ್ಲಿ ತೆಪ್ಪೋತ್ಸವ ಆಗುತ್ತದಲ್ಲ, ಅದೂ ಇದೇ ವಿದ್ಯೆ. ದೇವರ ತೆಪ್ಪದ ಅಡಿಗೆ ಕಟ್ಟುವ 200 ಲೀಟರಿನ ಖಾಲಿ ಡ್ರಮ್ಮಿನ ತೂಕ 20 ಕೆಜಿ ಎಂದರೆ ಅದು ಪೂರ್ತಿ ಮುಳುಗುವ ಮುನ್ನ 180 ಕೆಜಿ ಹೊರುತ್ತದೆ. ಅರ್ಧದಷ್ಟನ್ನು ಮಾತ್ರ ನಂಬಬೇಕು. ದೇವರ ಮಂಟಪ ಎತ್ತರವಾದಷ್ಟೂ ಅಡಿ ಅಗಲವಾಗಬೇಕು. ಮೈಸೂರಿನ ಶಾಲೆಗಳವರು ಹೊಳೆಗೆ ಬರಲಾಗದಿದ್ದರೆ ಇದೊಂದನ್ನೇ ಇಟ್ಟುಕೊಂಡು ಅರ್ಧ ದಿನದ ಬೇಟೆ ಮಾಡಬಹುದು.

ಮರದ ತಾಣಕ್ಕೆ ಒಂದು ಬಕೆಟ್ ನೀರು, ಒಣ ತೇಗದ ತುಂಡು, ಮತ್ತಿಯ ತುಂಡು, ಅಳಲೆಕಾಯಿ ಕಷಾಯ, ಕಬ್ಬಿಣದ ಮೊಳೆ. ಒಣ ತೇಗ ತೇಲುತ್ತದೆ. ಹಸಿ ತೇಗ ಮುಳುಗುತ್ತದೆ. ಅದಕ್ಕಾಗಿ ಕಡಿಯುವ ಎರಡು ಮೂರು ವರ್ಷ ಮುಂಚೆಯೇ ಬುಡದ ಸುತ್ತ ತೊಗಟೆಯನ್ನೂ ಅದರ ಕೆಳಗಿನ ಬಿಳಿಮರವನ್ನೂ ಒಳಗಿನ ಗಟ್ಟಿ ಕೆಚ್ಚಿನವರೆಗೆ ಕಡಿದು, ಮರವನ್ನು ನಿಂತಲ್ಲೇ ಒಣಗಿಸುತ್ತಿದ್ದರು. ಇಲ್ಲದಿದ್ದರೆ ಹೊಳೆಯಲ್ಲಿ ತೇಲಿಸಿ ರೇವಿಗೆ ತರುವುದು ಅಸಾಧ್ಯ. ಇವತ್ತು ಹುಕುಂ, ನಾಳೆ ಹಲಗೆ ಎಂದು ಆಗದಿರಲು ಇದೂ ಒಂದು ಕಾರಣ. ಇನ್ನು ಕಷಾಯಕ್ಕೆ ಮೊಳೆ ಹಾಕಿ ಬಿಟ್ಟರೆ ಮೆಲ್ಲಗೆ ಕಪ್ಪಾಗುತ್ತದೆ. ಹಳೆಯ ಕಾಲದವರು ಹೀಗೇ ಶಾಯಿ ಮಾಡುತ್ತಿದ್ದರು. ಯುರೋಪಿನ ಓಕ್ ಮರದಲ್ಲಿ ಇಂಥದೇ ಒಗರು ಅಂಶ ತುಂಬಿದೆ, ಅದು ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗ ಹಾಗೆ ಮಾಡದು, ಅದರ ಎಣ್ಣೆಯಂಶ ಮೊಳೆಯನ್ನು ಕಾಯುತ್ತದೆ. ಬಾಂಬೆಯಲ್ಲಿ 1817ರಲ್ಲಿ ಮಲಬಾರಿನ ತೇಗದಿಂದ ಕಟ್ಟಿದ ‘ಟ್ರಿಂಕೋಮಲಿ’ ಫ್ರಿಗೇಟು ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ನೀರಿನ ಮೇಲಿದೆ. ಕಷಾಯ ಕಪ್ಪಾಗಲು ಹೊತ್ತು ಹಿಡಿಯುತ್ತದೆ, ಹಿಂದಿನ ರಾತ್ರಿಯೇ ಒಂದು ಲೋಟ ಹಾಕಿಟ್ಟುಕೊಂಡು ಬನ್ನಿ.

ಕೊನೆಯ ತಾಣ ಯಾವುದಾದರೂ ಶಾಲೆಯ ಮೈದಾನ. ಅದೇ ಟ್ರಿಂಕೋಮಲಿಯ ಫಿರಂಗಿ ಅಟ್ಟದ ಉದ್ದ ಸುಮಾರು 45.7 ಮೀಟರ್, ಅಗಲ 12.2. ಹಗ್ಗ, ಗೂಟ, ಸುಣ್ಣದ ಪುಡಿ ಕೊಟ್ಟು ಆ ಅಳತೆಯ ಹಡಗನ್ನು ನೆಲದ ಮೇಲೆ ಬರೆಯಲು ಹೇಳಿ. ಮೊದಲು ನಡುವಿನ ಗೆರೆ ಎಳೆದು, ಅದರಿಂದ ಎರಡೂ ಕಡೆ ಸಮನಾಗಿ ಅಳೆಯಬೇಕು. ಅಂಚಿನಿಂದ ಶುರು ಮಾಡಿದ ತಂಡದ ಹಡಗು ಸೊಟ್ಟಗಾಗುತ್ತದೆ. ನೈಲಾನ್ ಹಗ್ಗ ಎಳೆದರೆ ಹಿಗ್ಗುತ್ತದೆ, ಸಣಬಿನದು ತನ್ನಿ. ಹಡಗಿನೊಳಗೆ ತೆಪ್ಪದ ವೃತ್ತವನ್ನೂ ಅದೇ ಅಳತೆಯಲ್ಲಿ ಬರೆಸಿ. ಇದು ಫ್ರಿಗೇಟು ಮಾತ್ರ, 1796ರ ಹುಕುಮಿನಲ್ಲಿ ಇದಕ್ಕಿಂತ ದೊಡ್ಡ ವರ್ಗದವೇ 20 ಇದ್ದವು ಎಂದು ಆಗ ನೆನಪಿಸಿ. ಒಂದಕ್ಕೆ ಎಷ್ಟು ಮರ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. 74 ಫಿರಂಗಿಯ ಒಂದು ಯುದ್ಧನೌಕೆಗೆ ಸುಮಾರು 2000 ಓಕ್ ಮರ ಎನ್ನುವುದು ಬ್ರಿಟನ್ನಿನಲ್ಲಿ ವಾಡಿಕೆಯ ಲೆಕ್ಕ. ಗುಣಾಕಾರ ಅವರೇ ಮಾಡಿಕೊಳ್ಳಲಿ.

ಕಾಲ ಯಾವುದು? ನವೆಂಬರಿನಿಂದ ಫೆಬ್ರವರಿ. ಜೂನಿನಿಂದ ಸೆಪ್ಟೆಂಬರ್ ಬೇಡವೇ ಬೇಡ. ಮೇಲೆ ಕೆಆರ್‌ಎಸ್ ಇದೆ, ನೀರು ಬಿಟ್ಟರೆ ಹೊಳೆ ಏರಲು ಹೆಚ್ಚು ಹೊತ್ತು ಬೇಡ. ಆಗ ರಂಗನತಿಟ್ಟಿನಲ್ಲೇ ದೋಣಿ ನಿಲ್ಲಿಸುತ್ತಾರೆ. ಹಿಂದಿನ ದಿನವೇ ನೀರಿನ ಹೊರಹರಿವು ವಿಚಾರಿಸಿ. ಸಂಗಮದಲ್ಲಿ ನೀರು ಶಾಂತವಾಗಿ ಕಂಡರೂ ಕೆಳಗೆ ಬಂಡೆ, ಸುಳಿ ಎರಡೂ ಇವೆ, ಮಕ್ಕಳು ನೀರಿಗಿಳಿಯಕೂಡದು. ತೆಪ್ಪ ಹತ್ತಿಸಲೇಬೇಕು ಎಂದು ಪೋಷಕರು ಒತ್ತಾಯಿಸಿದರೆ ತಲೆಗೊಂದು ಲೈಫ್ ಜಾಕೆಟ್ ಇದೆಯೇ ನೋಡಿ, ಇಲ್ಲದಿದ್ದರೆ ಆಗುವುದಿಲ್ಲ ಎನ್ನಿ. ಬೇಟೆ ಮುಗಿಯುವವರೆಗೂ ಅಂಬಿಗರ ತೆಪ್ಪವನ್ನು ದಡದಲ್ಲಿ ಬೋರಲು ಹಾಕಿಸಿಕೊಂಡಿರುತ್ತೀರಿ, ಅಷ್ಟು ಹೊತ್ತು ಅವರ ಸವಾರಿ ನಿಂತಿರುತ್ತದೆ. ಭಾನುವಾರವಾದರೆ ಆ ನಷ್ಟ ದೊಡ್ಡದು. ಆದ್ದರಿಂದ ವಾರದ ದಿನ ಇಟ್ಟುಕೊಳ್ಳಿ, ಬಾಡಿಗೆಯನ್ನು ತಾಸಿನ ಲೆಕ್ಕದಲ್ಲಿ ಮೊದಲೇ ಕೊಟ್ಟುಬಿಡಿ.